ಒರೆಸಿದ ಮೇಲೂ ಉಳಿದ ಸಾಲು

"ಅಪ್ಪಾ, ಬೇಗ ಹೇಳು, ಸ್ಕೂಲಿಗೆ ಲೇಟಾಗುತ್ತೆ. ಮೂರನೇ ಸುದ್ದಿ ಏನು ಬರೀಲಿ?"

"ನಾನೇನು ಸುದ್ದೀನ ಡಬ್ಬಿಯಲ್ಲಿ ತುಂಬಿಸಿ ಇಟ್ಟಿದ್ದೀನೇನೇ? ಇದ್ದರೆ ಬರಿ, ಇಲ್ಲದಿದ್ದರೆ ಬಿಡು," ಅಂದರು ಅಪ್ಪ. ಅವರ ಕೈಯಲ್ಲಿ ರೇಜರ್ ಇತ್ತು. ರೇಜರಿನ ಕೆಳಗೆ ಕಂಡಕ್ಟರ್ ಮಾಮನ ಕೆನ್ನೆ ಇತ್ತು.

ಕಡ್ಡಿ ಸ್ಟೂಲಿನ ಮೇಲೆ ನಿಂತು ಬೋರ್ಡನ್ನೇ ದಿಟ್ಟಿಸಿದಳು. ಹೌದು, ಅವಳನ್ನ ಎಲ್ಲರೂ ಕರೆಯೋದು ಕಡ್ಡಿ ಅಂತಲೇ. ಚಾಕ್‌ಪೀಸಿನ ಹಾಗೆ ತೆಳ್ಳಗೆ ಉದ್ದಕ್ಕಿದ್ದಾಳೆ, ಮೂಗಿನ ಮೇಲೆ ಯಾವಾಗಲೂ ಅದರದ್ದೇ ಪುಡಿ. ಅವಳ ನಿಜವಾದ ಹೆಸರು ಐದನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬಂದದ್ದಿಲ್ಲ.

ಅಪ್ಪನ ಕಟಿಂಗ್ ಶಾಪಿನ ಹೊರಗೋಡೆಯ ಮೇಲೆ ಒಂದು ಕರಿ ಬೋರ್ಡಿದೆ, ತಾತನ ಕಾಲದ್ದು. ದಿನಾ ಬೆಳಿಗ್ಗೆ ಅದರ ಮೇಲೆ ಬೀದಿಯ ಮೂರು ಸುದ್ದಿ ಬರೀಬೇಕು. ನಲ್ಲಿ ನೀರು ಯಾವಾಗ ಬರುತ್ತೆ, ಯಾರಿಗೆ ಮಗು ಹುಟ್ಟಿತು, ಯಾರ ಮನೆ ಬೆಕ್ಕು ಕಾಣೆಯಾಯಿತು, ಇಂಥವು. ಮೊದಲು ತಾತ ಬರೀತಿದ್ದರು. ಆಮೇಲೆ ಅಪ್ಪ ಬರೆದರು. ಅಪ್ಪನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದಿದರೆ ಕಣ್ಣುನೋವು ಬರುತ್ತೆ ಅಂತ ಗಿರಾಕಿಗಳೆಲ್ಲ ಗಲಾಟೆ ಮಾಡಿದ ಮೇಲೆ ಚಾಕ್‌ಪೀಸ್ ಕಡ್ಡಿಯ ಕೈಗೆ ಬಂತು.

ಕೊಡುವಾಗ ಅಪ್ಪ ಒಂದೇ ಮಾತು ಹೇಳಿದ್ದರು. "ಯಾರ ಸುದ್ದಿನೋ ಅವರನ್ನ ಕೇಳು. ಕೇಳದೆ ಚಾಕ್‌ಪೀಸ್ ಮುಟ್ಟಬೇಡ."

ಕಡ್ಡಿ ಹಾಗೇ ಮಾಡ್ತಾ ಬಂದಿದ್ದಳು. ಜನ ಬಸ್‌ಸ್ಟಾಪಿಗೆ ಹೋಗೋ ಮೊದಲು ಬೋರ್ಡಿನ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದರು. "ಏನು ಅಕ್ಷರನಮ್ಮಾ, ಮುತ್ತು ಪೋಣಿಸಿದ ಹಾಗಿದೆ," ಅನ್ನುತ್ತಿದ್ದರು. ಅವಳಿಗೆ ಒಳಗೊಳಗೇ ಜಂಬ.

ಆದರೆ ಎರಡು ತಿಂಗಳಿಂದ ಎಲ್ಲ ಕೆಟ್ಟುಹೋಗಿತ್ತು. ಬೀದಿಯವರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದರು.

ಕಂಡಕ್ಟರ್ ಮಾಮ ಬಟ್ಟೆಯ ಕೆಳಗಿಂದ ಫೋನ್ ಎತ್ತಿ ತೋರಿಸಿದರು. "ನೀನು ಇವತ್ತು ಬರೆದಿರೋ ಬೆಕ್ಕು ನಿನ್ನೆ ಸಂಜೆನೇ ಸಿಕ್ಕಿತಲ್ಲೇ ಕಡ್ಡಿ. ಗ್ರೂಪಲ್ಲಿ ಫೋಟೋ ಬಂದಿದೆ. ವಿಡಿಯೋನೂ ಇದೆ, ಹಾಲು ಕುಡೀತಿರೋದು. ನೋಡ್ತೀಯಾ?"

"ಮಾತಾಡಬೇಡಿ, ಕೆನ್ನೆ ಕುಯ್ದುಹೋಗುತ್ತೆ," ಅಂದರು ಅಪ್ಪ.

ಕಡ್ಡಿ ಮೂರನೇ ಸಾಲು ಖಾಲಿ ಬಿಟ್ಟು ಸ್ಟೂಲಿಂದ ಇಳಿದಳು. ಸ್ಕೂಲಿಗೆ ಹೋಗೋ ದಾರಿಯಲ್ಲಿ ಐದು ಸಲ ಹಿಂದೆ ತಿರುಗಿ ನೋಡಿದಳು. ಬೋರ್ಡಿನ ಮುಂದೆ ಒಬ್ಬರೂ ನಿಲ್ಲಲಿಲ್ಲ. ಎಲ್ಲರೂ ತಲೆ ಬಗ್ಗಿಸಿಕೊಂಡು ಫೋನ್ ನೋಡ್ತಾ ನಡೀತಿದ್ದರು. ಅವಳಿಗೆ ಅಳುವೇ ಬಂದುಬಿಟ್ಟಿತು.

ಆ ಸಂಜೆ ಸ್ಕೂಲಿಂದ ವಾಪಸ್ ಬರುವಾಗ ಬೇಕರಿಯ ಮುಂದೆ ಒಂದು ವ್ಯಾನ್ ನಿಂತಿತ್ತು. ನಾಲ್ಕು ಜನ "ಹಿಡಿ, ಹಿಡಿ, ನಿನ್ನ ಕಡೆ ಎತ್ತು!" ಅಂತ ಕೂಗಾಡ್ತಾ ಬೇಕರಿಯ ದೊಡ್ಡ ಓವನ್ನನ್ನೇ ಹೊತ್ತು ತಂದರು. ವ್ಯಾನಿಗೆ ಹಾಕಿದರು. ಬೇಕರಿ ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ವ್ಯಾನ್ ಹೋಯಿತು. ಅತ್ತೆ ಒಳಗೆ ಹೋಗಿ ಶಟರ್ ಎಳೆದರು.

ಬೇಕರಿ ಅತ್ತೆ ಇಡೀ ಬೀದಿಗೇ ಅತ್ತೆ. ಕಡ್ಡಿ ಹುಟ್ಟೋಕೂ ಮೊದಲಿಂದ ಅಲ್ಲಿ ಬನ್ನು, ಬ್ರೆಡ್ಡು, ಕೇಕು ಮಾಡ್ತಿದ್ದಾರೆ. ಓವನ್ನೇ ಇಲ್ಲದ ಮೇಲೆ ಬೇಕರಿ ಎಲ್ಲಿಂದ ಬಂತು? ಅಂದರೆ ಬೇಕರಿ ಮುಚ್ಚುತ್ತಿದೆ!

ಕಡ್ಡಿಗೆ ಬೇಜಾರಂತೂ ಆಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಇದು ಗ್ರೂಪಲ್ಲಿ ಇನ್ನೂ ಬಂದಿಲ್ಲ!

ಶಟರ್ ತಟ್ಟಿ ಕೇಳೋಣ ಅಂತ ಎರಡು ಹೆಜ್ಜೆ ಇಟ್ಟಳು. ಅಳ್ತಿರೋರನ್ನ ಹೇಗೆ ಕೇಳೋದು? ಕೇಳ್ತಾ ಕೂತರೆ ಅಷ್ಟರಲ್ಲಿ ಬೇರೆ ಯಾರಾದರೂ ಫೋಟೋ ತೆಗೆದು ಹಾಕಿಬಿಟ್ಟರೆ? ಕಡ್ಡಿ ಮನೆ ಕಡೆ ಓಡಿದಳು.

ಮಾರನೇ ದಿನ ಬೆಳಿಗ್ಗೆ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರೆದಳು: "ನಮ್ಮ ಬೀದಿಯ ಬೇಕರಿ ಇನ್ನಿಲ್ಲ. ಶಾಶ್ವತವಾಗಿ ಬಾಗಿಲು ಮುಚ್ಚಿದೆ." ಶಾಶ್ವತವಾಗಿ ಅನ್ನೋ ಪದ ಪಾಠದಲ್ಲಿ ಬಂದಿತ್ತು. ಅದರ ಒತ್ತಕ್ಷರವನ್ನ ಎರಡು ಸಲ ತಿದ್ದಿ ಚೆಂದ ಮಾಡಿದಳು.

ಅಪ್ಪ ಪೊರಕೆ ಹಿಡಿದುಕೊಂಡು ಹೊರಗೆ ಬಂದವರು ಓದಿ ಹಾಗೇ ನಿಂತರು. "ಅಯ್ಯೋ, ನಿಜವಾ? ನಂಗೊಂದು ಮಾತೂ ಹೇಳಲಿಲ್ಲ ಅವರು. ಅತ್ತೇನ ಕೇಳಿದ್ಯಾ?"

"ಹೂಂ," ಅಂದಳು ಕಡ್ಡಿ. ಎಷ್ಟು ಚಿಕ್ಕದಾಗಿ ಅಂದಳು ಅಂದರೆ, ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಜನ ನಿಂತರು! ಒಬ್ಬರು, ಇಬ್ಬರು, ಹತ್ತು ಜನ. "ಛೆ ಛೆ, ಎಂಥಾ ಬನ್ನು ಮಾಡ್ತಿದ್ದರು," ಅಂದರು ಒಬ್ಬರು. ಕಂಡಕ್ಟರ್ ಮಾಮ ಬಸ್ಸಿಗೆ ಲೇಟಾದರೂ ಪರವಾಗಿಲ್ಲ ಅಂತ ಫೋನ್ ತೆಗೆದು ಕ್ಲಿಕ್ ಮಾಡಿದರು. "ಗ್ರೂಪಿಗಿಂತ ಮೊದಲೇ ತಂದುಬಿಟ್ಟಳು ನಮ್ಮ ಕಡ್ಡಿ!" ಅಂದರು. ಅವರನ್ನ ನೋಡಿ ಇನ್ನೂ ನಾಲ್ಕೈದು ಫೋನ್ ಎದ್ದವು. ಕಡ್ಡಿ ಸ್ಕೂಲಿಗೆ ಹಾರಿಕೊಂಡೇ ಹೋದಳು.

ಸಂಜೆ ಬಂದಾಗ ಬೋರ್ಡ್ ಖಾಲಿಯಿತ್ತು. ಯಾರೋ ಒದ್ದೆ ಬಟ್ಟೆಯಿಂದ ಗಸಗಸ ಉಜ್ಜಿ ಒರೆಸಿದ್ದರು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಪ್ಪ ಕುರ್ಚಿಯಲ್ಲಿ ತಾವೇ ಕೂತಿದ್ದರು.

"ಅತ್ತೆ ಬಂದಿದ್ದರು," ಅಂದರು ಅಪ್ಪ.

ಕಡ್ಡಿ ಬ್ಯಾಗ್ ಇಳಿಸದೆ ಬಾಗಿಲಲ್ಲೇ ನಿಂತಳು.

"ಅವರು ಹಳೇ ಓವನ್ನ ಗುಜರಿಗೆ ಹಾಕಿದ್ದು. ನಾಳೆ ಹೊಸದು ಬರುತ್ತೆ, ಅದಕ್ಕಿಂತ ಎರಡರಷ್ಟು ದೊಡ್ಡದು. ಆಸ್ಪತ್ರೆ ಕ್ಯಾಂಟೀನಿಗೆ ದಿನಾ ಬ್ರೆಡ್ ಕೊಡೋ ಆರ್ಡರ್ ಸಿಕ್ಕಿತ್ತಂತೆ. ಆರು ತಿಂಗಳು ಓಡಾಡಿ ತಗೊಂಡಿದ್ದ ಆರ್ಡರ್." ಅಪ್ಪ ಕುರ್ಚಿಯಿಂದ ಎದ್ದರು. "ಕ್ಯಾಂಟೀನ್ ಮ್ಯಾನೇಜರ್‌ಗೂ ಬೋರ್ಡಿನ ಫೋಟೋ ಹೋಗಿದೆ. ಅಂಗಡಿ ಮುಚ್ಚೋರು ನಮ್ಮ ಆರ್ಡರ್ ಯಾಕೆ ತಗೊಂಡ್ರಿ ಅಂತ ಫೋನಲ್ಲೇ ರೇಗಿ, ಬೇರೆ ಕಡೆ ಕೊಟ್ಟುಬಿಟ್ಟಿದ್ದಾರೆ."

"ಆದರೆ... ಒರೆಸಿ ಆಯ್ತಲ್ಲ ಅಪ್ಪಾ?"

ಅಪ್ಪ ಫೋನ್ ಕೊಟ್ಟರು. ಅಮ್ಮನ ಮೆಸೇಜ್. ಅಮ್ಮ ಕೆಲಸ ಮಾಡೋ ಗಾರ್ಮೆಂಟ್ಸ್ ಫ್ಯಾಕ್ಟರಿ ಊರಿನ ಆ ತುದಿಯಲ್ಲಿದೆ. "ನಮ್ಮ ಬೋರ್ಡು ನಮ್ಮ ಫ್ಯಾಕ್ಟರಿಗೇ ಬಂದಿದೆ! ಇದೇನ್ರೀ ಇದು?" ಅಂತ ಬರೆದಿದ್ದರು. ಕೆಳಗೆ ಆ ಫೋಟೋ. ಮೇಲಿನ ಸಾಲು ಎದ್ದು ಕಾಣ್ತಿತ್ತು.

"ಅತ್ತೇನ ಕೇಳಿದ್ಯಾ ಅಂದೆ. ನೀನು ಹೂಂ ಅಂದೆ," ಅಂದರು ಅಪ್ಪ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗ್ತಿತ್ತು.

ಕಡ್ಡಿ ಗೊಳೋ ಅಂತ ಅತ್ತಳು. ಅಪ್ಪ ಕ್ಷೌರದ ಟವೆಲ್ಲನ್ನೇ ಕೊಟ್ಟರು, ಮೂಗು ಒರೆಸಿಕೊಳ್ಳೋಕೆ. ಅದರ ತುಂಬ ಕೂದಲು. ಅವಳು ಸೀನಿದಳು, ಮತ್ತೆ ಅತ್ತಳು.

"ಈಗ ಏನು ಮಾಡಲಿ?"

"ನಂಗೊತ್ತಿಲ್ಲ ಪುಟ್ಟಿ. ಮೊದಲು ಮಾಡಬೇಕಾಗಿದ್ದನ್ನಾದರೂ ಈಗ ಮಾಡು. ಹೋಗಿ ಕೇಳು."

ಬೇಕರಿ ಇರೋದು ಹತ್ತೇ ಅಂಗಡಿ ಆಚೆ. ಅವತ್ತು ಆ ದಾರಿ ಮುಗಿಯಲೇ ಇಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ನೋಡಿದಳು. ಓವನ್ ಇದ್ದ ಜಾಗದಲ್ಲಿ ನೆಲದ ಮೇಲೆ ದೊಡ್ಡ ಕಪ್ಪು ಚೌಕ ಉಳಿದಿತ್ತು. ಅತ್ತೆ ಅಲ್ಲಿ ಕೂತು ಬ್ರಶ್ಶಿನಿಂದ ನೆಲ ತಿಕ್ಕುತ್ತಿದ್ದರು.

"ಅತ್ತೆ," ಅಂದಳು ಕಡ್ಡಿ.

"ಓಹೋ, ಬಂದ್ರಾ ಪತ್ರಕರ್ತರು! ಈಗ ಏನು ಬರೀತೀರಿ? ಅತ್ತೆ ನೆಲ ಒರೆಸ್ತಿದ್ದಾರೆ ಅಂತಾನಾ?"

"ತಪ್ಪಾಯ್ತು ಅತ್ತೆ. ನೀವು ಅಳ್ತಿದ್ರಿ. ಅದಕ್ಕೇ ನಾನು..."

"ಅಳದೆ ಇನ್ನೇನು ಮಾಡಲಿ? ಹದಿನೆಂಟು ವರ್ಷ ಆ ಓವನ್ ಮುಂದೆ ನಿಂತಿದ್ದೀನಿ. ನನ್ನ ಮಕ್ಕಳ ಜೊತೆ ಅಷ್ಟು ಹೊತ್ತು ನಿಂತಿಲ್ಲ." ಅತ್ತೆ ಬ್ರಶ್ಶನ್ನ ಬಕೆಟ್ಟಿಗೆ ಎಸೆದರು, ನೀರು ಚಿಮ್ಮಿತು. "ಆ ಗ್ರೂಪಲ್ಲಿ ದಿನಾ ನೂರು ಬರುತ್ತೆ, ಯಾರು ನಂಬ್ತಾರೆ? ಇವತ್ತು ಬೆಳಿಗ್ಗೆ ನಾನೇ ಬಂದು ನಿನ್ನ ಹತ್ರ ಬರೆಸೋಣ ಅಂತಿದ್ದೆ ಕಣೇ. ಎರಡು ದಿನ ರಜೆ, ಹೊಸ ಓವನ್ ಬರ್ತಿದೆ ಅಂತ. ನಿನ್ನ ಅಕ್ಷರದಲ್ಲಿ ಬಂದರೆ ಬೀದಿಯವರೆಲ್ಲ ನಂಬ್ತಾರೆ ಅಂತ ಅಂದ್ಕೊಂಡಿದ್ದೆ. ನಂಬಿದ್ರಲ್ಲ, ನೋಡು!"

ಕಡ್ಡಿ ಜೇಬಿನಲ್ಲಿದ್ದ ಚಾಕ್‌ಪೀಸ್ ತುಂಡನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ.

"ಹೊಸ ಓವನ್ ಎಷ್ಟು ಗಂಟೆಗೆ ಬರುತ್ತೆ ಅತ್ತೆ?" ಅಂತ ಕೇಳಿದಳು.

ಅತ್ತೆ ಅವಳನ್ನೇ ನೋಡಿದರು. "ಹನ್ನೊಂದಕ್ಕೆ," ಅಂದರು.

"ಬ್ರೆಡ್ ಯಾವತ್ತಿಂದ ಸಿಗುತ್ತೆ?"

"ನಾಡಿದ್ದು ಬೆಳಿಗ್ಗೆ ಆರಕ್ಕೆ."

"ನಾನು ಬರೆದಿದ್ದು ತಪ್ಪು ಅಂತ ಬರೀಲಾ?"

ಅತ್ತೆ ಬ್ರಶ್ ಎತ್ತಿಕೊಂಡು ಮತ್ತೆ ನೆಲ ತಿಕ್ಕೋಕೆ ಶುರು ಮಾಡಿದರು. ತಿಕ್ಕುತ್ತಲೇ, "ಬರಿ," ಅಂದರು.

ಮಾರನೇ ಬೆಳಿಗ್ಗೆ ಬೋರ್ಡಿನ ತುಂಬ ಒಂದೇ ಸುದ್ದಿ ಇತ್ತು. "ಬೇಕರಿ ಮುಚ್ಚಿಲ್ಲ. ಇವತ್ತು ಹನ್ನೊಂದಕ್ಕೆ ಹೊಸ ಓವನ್. ನಾಳೆ ಬೆಳಿಗ್ಗೆ ಆರರಿಂದ ಬ್ರೆಡ್, ಬನ್. ನಿನ್ನೆ ಬರೆದಿದ್ದು ಸುಳ್ಳು. ಅತ್ತೆಯನ್ನ ಕೇಳದೆ ಬರೆದವಳು ನಾನು. ಇಂತಿ, ಕಡ್ಡಿ."

ನಾನು ಅಂತ ಬರೆಯುವಾಗ ಚಾಕ್‌ಪೀಸ್ ಮುರಿಯಿತು.

ಒಬ್ಬರು ಓದಿ, "ಓ, ಹಾಗಾ?" ಅಂತ ಮುಂದೆ ಹೋದರು. ಇನ್ನೊಬ್ಬರು ನಿಲ್ಲಲೇ ಇಲ್ಲ. ಯಾರೂ ಫೋಟೋ ತೆಗೆಯಲಿಲ್ಲ. ನಿನ್ನೆ ಅಷ್ಟು ಫೋನ್ ಎದ್ದಿತ್ತು, ಇವತ್ತು ಒಂದೂ ಏಳಲಿಲ್ಲ. ಕಡ್ಡಿಗೆ ಗಾಬರಿಯಾಯಿತು.

"ಮಾಮಾ, ನಿಲ್ಲಿ!" ಅಂತ ಕಂಡಕ್ಟರ್ ಮಾಮನ ಹಿಂದೆ ಓಡಿ ಬ್ಯಾಗ್ ಹಿಡಿದುಕೊಂಡಳು. "ಇದನ್ನೂ ಕಳಿಸಿ. ನಿನ್ನೆ ಎಲ್ಲೆಲ್ಲಿಗೆ ಕಳಿಸಿದ್ರೋ ಅಲ್ಲೆಲ್ಲ ಕಳಿಸಿ. ಪ್ಲೀಸ್!"

"ನಾನೇನೋ ಕಳಿಸ್ತೀನಿ. ಅವರು ಯಾರ್ಯಾರಿಗೆ ಕಳಿಸಿದ್ದಾರೋ ಯಾರಿಗೆ ಗೊತ್ತಮ್ಮ," ಅಂದರು ಮಾಮ. ಅವರ ಮುಖವೂ ಸಪ್ಪಗಾಗಿತ್ತು. ಫೋಟೋ ತೆಗೆದರು. ಕಡ್ಡಿ ಆಮೇಲೆ ಬಂದವರನ್ನೂ ನಿಲ್ಲಿಸಿದಳು. ಅವರ ಹಿಂದೆ ಬಂದವರನ್ನೂ ನಿಲ್ಲಿಸಿದಳು. ಅವತ್ತು ಸ್ಕೂಲಿಗೆ ಲೇಟಾಗಿ ಬಾಗಿಲ ಹೊರಗೆ ನಿಂತಳು. ಯಾಕೆ ಲೇಟು ಅಂತ ಟೀಚರ್ ಕೇಳಿದಾಗ ಇದ್ದದ್ದನ್ನ ಇದ್ದ ಹಾಗೇ ಹೇಳಿದಳು.

ಮೂರು ದಿನ ಆದ ಮೇಲೆ ಕ್ಯಾಂಟೀನ್ ಮ್ಯಾನೇಜರ್ ಖುದ್ದಾಗಿ ಬಂದು ಹೊಸ ಓವನ್ ನೋಡಿಕೊಂಡು ಹೋದರು. ಅರ್ಧ ಆರ್ಡರ್ ವಾಪಸ್ ಬಂತು. ಇನ್ನರ್ಧ ಬೇರೆ ಬೇಕರಿಗೆ ಮಾತು ಕೊಟ್ಟಾಗಿತ್ತು. "ಅರ್ಧನಾದರೂ ಬಂತಲ್ಲ," ಅಂದರು ಅತ್ತೆ. ಹಾಗೆ ಅನ್ನುವಾಗ ಅವರು ನಗಲಿಲ್ಲ. ಆದರೆ ಕಡ್ಡಿಯ ಕೈಗೆ ಒಂದು ಬಿಸಿ ಬನ್ ಇಟ್ಟರು.

ಇನ್ನೊಂದು ವಾರ ಕಳೆಯಿತು. ಕಡ್ಡಿ ಸ್ಟೂಲಿನ ಮೇಲೆ ನಿಂತು ಎರಡು ಸುದ್ದಿ ಬರೆದು ಮುಗಿಸಿದ್ದಳು. ಹಿಂದೆ ಯಾರೋ ಬಂದು ನಿಂತರು. ಪರಿಚಯ ಇಲ್ಲದ ಆಂಟಿ.

"ಪಾಪು, ಇಲ್ಲೊಂದು ಬೇಕರಿ ಇತ್ತಂತೆ, ಅದು ಮುಚ್ಚಿಹೋಗಿದೆಯಂತೆ. ನನ್ನ ಮಗಳ ಬರ್ತ್‌ಡೇಗೆ ಕೇಕ್ ಬೇಕಿತ್ತು. ಇಲ್ಲಿ ಹತ್ತಿರ ಬೇರೆ ಯಾವುದಾದರೂ ಇದೆಯಾ?"

"ಯಾರು ಹೇಳಿದ್ದು ಆಂಟಿ?"

ಆಂಟಿ ಫೋನ್ ತೋರಿಸಿದರು. ಅದೇ ಫೋಟೋ. ಆ ಬೋರ್ಡನ್ನ ಕಡ್ಡಿ ಎಷ್ಟು ಸಲ ಒರೆಸಿದ್ದಳೋ ಲೆಕ್ಕವೇ ಇಲ್ಲ. ಫೋನಿನಲ್ಲಿ ಮಾತ್ರ ಒಂದು ಚೂರೂ ಮಾಸಿರಲಿಲ್ಲ. ಶಾಶ್ವತವಾಗಿ ಅನ್ನೋದು ಎಷ್ಟು ಚೆಂದ ಬಂದಿತ್ತು. ಇನ್ನೂ ಎಷ್ಟು ಜನರ ಕೈಯಲ್ಲಿ ಇದೆಯೋ, ಅವರನ್ನೆಲ್ಲ ಎಲ್ಲಿ ಅಂತ ಹುಡುಕೋದು?

ಈ ಆಂಟಿಯಂತೂ ಇಲ್ಲೇ ನಿಂತಿದ್ದರು. ಕಡ್ಡಿ ಸ್ಟೂಲಿಂದ ಇಳಿದಳು.

"ಮುಚ್ಚಿಲ್ಲ ಆಂಟಿ. ಬನ್ನಿ, ನಾನು ಕರ್ಕೊಂಡು ಹೋಗ್ತೀನಿ."

"ಮತ್ತೆ ಇಷ್ಟು ಚೆನ್ನಾಗಿ ಬರೆದಿದ್ದಾರಲ್ಲ?"

"ಅದು ನಾನೇ ಬರೆದಿದ್ದು. ಕೇಳದೆ ಬರೆದುಬಿಟ್ಟೆ," ಅಂದಳು ಕಡ್ಡಿ. ಮೊದಲ ಸಲ ಹೇಳಿದಾಗ ಆದಷ್ಟೇ ನಾಚಿಕೆ ಈಗಲೂ ಆಯಿತು. ಆದರೂ ಅವರ ಜೊತೆ ಹತ್ತು ಅಂಗಡಿ ದಾಟಿ ನಡೆದಳು. ಬೇಕರಿಯ ಬಾಗಿಲಲ್ಲಿ ಬ್ರೆಡ್ಡಿನ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಅತ್ತೆ ಆಂಟಿಯ ಕೈಯಲ್ಲಿದ್ದ ಫೋನ್ ನೋಡಿದರು, ಕಡ್ಡಿಯ ಮುಖ ನೋಡಿದರು. "ಎಷ್ಟು ಕೆಜಿ ಕೇಕ್ ಬೇಕಮ್ಮ?" ಅಂತ ಆರ್ಡರ್ ಪುಸ್ತಕ ತೆಗೆದರು.

ವಾಪಸ್ ಬಂದಾಗ ಕಂಡಕ್ಟರ್ ಮಾಮ ಕುರ್ಚಿಯಲ್ಲಿದ್ದರು, ಕೆನ್ನೆ ತುಂಬ ನೊರೆ. "ಏ ಕಡ್ಡಿ, ನಾಳೆ ನಲ್ಲಿ ನೀರು ಬರಲ್ಲವಂತೆ. ಈಗ ತಾನೇ ಗ್ರೂಪಲ್ಲಿ ಬಂತು. ಬರ್ಕೋ, ಬರ್ಕೋ, ಮೂರನೇ ಸುದ್ದಿ ಆಯ್ತು!"

"ನೀರು ಬಿಡೋ ಅಣ್ಣ ಸಂಜೆ ಸಿಗ್ತಾರೆ ಮಾಮಾ. ಕೇಳಿ ಬರೀತೀನಿ."

"ಅಲ್ಲಿವರೆಗೂ ಆ ಸಾಲು ಖಾಲಿ ಬಿಡ್ತೀಯಾ?"

"ಹೂಂ," ಅಂದಳು ಕಡ್ಡಿ. ಈ ಸಲದ ಹೂಂ ಎಲ್ಲರಿಗೂ ಕೇಳಿಸಿತು. ಅಪ್ಪನ ರೇಜರ್ ಮಾಮನ ಕೆನ್ನೆಯ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಮುಂದೆ ಹೋಯಿತು.

ಕಡ್ಡಿ ಚಾಕ್‌ಪೀಸನ್ನ ಜೇಬಿಗೆ ಹಾಕಿಕೊಂಡು ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿದಳು. ಅವತ್ತು ಸಂಜೆಯವರೆಗೂ ಬೋರ್ಡಿನ ಮೇಲೆ ಎರಡೇ ಸುದ್ದಿ ಇತ್ತು.