ಪಾವಟಿಗೆಯ ಮೇಲಿನ ಮುಳ್ಳುಕಂಟಿ

1997ರ ಡಿಸೆಂಬರ್ ಒಂದು, ಸೋಮವಾರ. ಬೆಳಿಗ್ಗೆ ಕಾಗವಾಡ ಠಾಣೆಯ ಎದುರು ಸ್ಕೂಟರ್ ನಿಲ್ಲಿಸಿದ ಭೀಮಗೊಂಡ ಪಾಟೀಲರು ಅದಕ್ಕೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಒಳಗೆ ಬಂದರು. ಹಿಂದೆ ಸ್ಕೂಟರ್ ಧಡಕ್ಕನೆ ಮಗ್ಗುಲಾಯಿತು. ಅವರು ತಿರುಗಿಯೂ ನೋಡಲಿಲ್ಲ. ಊರಲ್ಲಿದ್ದ ಅಂಗವಿಕಲರ ನೆರವು ಕೇಂದ್ರಕ್ಕೆ ಅವರೇ ಅಧಿಕಾರಿ. ಎಂದೂ ಇಸ್ತ್ರಿ ಕೆಡದ ಮನುಷ್ಯ ಇವತ್ತು ಬೆವೆತು ನಿಂತಿದ್ದರು.

“ಏನಾತ್ರಿ?” ಎಂದ ಪಿಎಸ್‌ಐ ಭೀಮಸಿ ಗೋಕಾವಿ.

“ನಮ್ಮ ಕಚೇರಿ ಪಾವಟಿಗಿ ಕುಸದು ಬಿತ್ರಿ. ಸಿಪಾಯಿ ಹಾಲಸಿದ್ದ ಮ್ಯಾಲ ಹೊಂಟಿದ್ದ, ಅದರ ಜೋಡೀನ ಕೆಳಗ ಬಿದ್ದ. ಟೊಂಕದ ಎಲುಬು ಹೋಗೇತಿ ಅಂತಾರ. ಯಾರೋ ಬೇಕಂತ ಮಾಡ್ಯಾರ್ರಿ.”

“ಬೇಕಂತ ಅನ್ನಾಕ ಏನೈತಿ?”

“ನಾಡದ್ದು ಅಂಗವಿಕಲರ ದಿನಾಚರಣೆ. ಜಿಲ್ಲಾ ಸಾಹೇಬ್ರು ಬರೋರದಾರ. ನಮ್ಮ ಹೆಸರು ಕೆಡಸಾಕ ಮಾಡ್ಯಾರ.”

ಮುರಿದದ್ದು ಒಬ್ಬನ ಟೊಂಕ, ಇವರಿಗೆ ಚಿಂತೆ ಹೆಸರಿನದು. ಭೀಮಸಿಗೆ ಸಿಟ್ಟು ಬಂತು. ಆದರೂ ನುಂಗಿಕೊಂಡು ಅಪರಿಚಿತರ ವಿರುದ್ಧ ಕಲಂ 338 ಮತ್ತು 427ರ ಪ್ರಕಾರ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಮಲಂಗಸಾಬ ಮುಲ್ಲಾನನ್ನು ಕರೆದುಕೊಂಡು ಜೀಪ್ ಹತ್ತಿದ.

ಕೇಂದ್ರ ಇದ್ದದ್ದು ದೇಸಾಯರ ಹಳೇ ವಾಡೆಯ ಮಹಡಿಯ ಮೇಲೆ. ಕಾಲಿಲ್ಲದವರ ಕಚೇರಿಯನ್ನು ಮಹಡಿಯ ಮೇಲೆ ಇಡಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಬಾಡಿಗೆ ಕಡಿಮೆ ಎಂದು ಅಲ್ಲಿಟ್ಟರು, ಇಟ್ಟದ್ದು ಅಲ್ಲೇ ಉಳಿಯಿತು. ಅಂಗಳದಿಂದ ನೇರ ಮೇಲೇರುತ್ತಿದ್ದ ಸಾಗವಾನಿ ಮೆಟ್ಟಿಲಿನ ಪಾವಟಿಗೆ ಈಗ ಅಡ್ಡಾದಿಡ್ಡಿ ಬಿದ್ದಿತ್ತು. ಮೇಲಿನ ಕಟಾಂಜನಕ್ಕೆ ಕಟ್ಟಿದ “ಸಮಾನ ಅವಕಾಶ, ಪೂರ್ಣ ಭಾಗವಹಿಸುವಿಕೆ” ಎಂಬ ಬಟ್ಟೆಯ ಫಲಕದ ಒಂದು ತುದಿ ಕಳಚಿ ಗಾಳಿಗೆ ಹಾರಾಡುತ್ತಿತ್ತು.

ವಾಡೆಯ ಒಡೆಯ ಕಾಕಾಸಾಹೇಬ ದೇಸಾಯಿ ಮತ್ತು ಎದುರಿನ ಕಿರಾಣಿ ಅಂಗಡಿಯವನನ್ನು ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ಶುರುವಾಯಿತು. ಮರ ಮುರಿದಿರಲಿಲ್ಲ, ಗರಗಸ ಆಡಿದ ಗುರುತೂ ಇರಲಿಲ್ಲ. ಪಾವಟಿಗೆಯನ್ನು ಮಹಡಿಯ ತೊಲೆಗೆ ಕಚ್ಚಿ ಹಿಡಿದಿದ್ದ ಎರಡು ಮರದ ಬೆಣೆಗಳು ಮಾತ್ರ ಕಾಣೆಯಾಗಿದ್ದವು. ಬೆಣೆಯ ತೂತುಗಳ ಅಂಚಿನಲ್ಲಿ ಒಂದು ಸಿಬಿರೂ ಎದ್ದಿರಲಿಲ್ಲ.

“ಇದು ಬಡಿಗೇರ ಕೈರಿ,” ಎಂದ ಮಲಂಗಸಾಬ. ತಾನೇ ಮತ್ತೆ ತಲೆ ಅಲ್ಲಾಡಿಸಿದ. “ಆದ್ರ ಶನಿವಾರ ಸಂಜೀತನಕ ಕಚೇರಿ ನಡದೈತಿ. ಮಾಡಿದ್ರ ನಿನ್ನೇನ ಮಾಡಬೇಕು. ನಿನ್ನೆ ಅಮಾಸಿ. ಅಮಾಸಿ ದಿನ ಬಡಿಗೇರು ಹತ್ಯಾರಕ್ಕ ಪೂಜಿ ಮಾಡ್ತಾರ, ಜೀವ ಹೋದ್ರೂ ಕೈಯಾಗ ಹಿಡ್ಯಾಂಗಿಲ್ಲ.”

ಭೀಮಸಿಗೂ ಅದು ಸರಿ ಎನಿಸಿತು. ಬಡಿಗೇರರನ್ನು ಬಿಟ್ಟು ಅವನು ಕಾಕಾಸಾಹೇಬರ ಕಡೆ ತಿರುಗಿದ. ಕಚೇರಿ ಖಾಲಿ ಮಾಡಿಸಲು ಅವರು ಎರಡು ವರ್ಷದಿಂದ ಒದ್ದಾಡುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು.

“ನಿನ್ನೆ ಎಲ್ಲಿದ್ರಿ?”

“ಮನಿಮಂದಿಯೆಲ್ಲ ಯಡೂರಿಗೆ ಹೋಗಿದ್ವಿ, ವೀರಭದ್ರನ ದರ್ಶನಕ್ಕ. ಹೊತ್ತ ಮುಳಗಿದ ಮ್ಯಾಲ ಬಂದ್ವಿ.”

“ಕಚೇರಿ ಬಿಡಸಬೇಕಂತ ನಿಮಗ ಭಾಳ ಇತ್ತಲ್ಲ?”

ಕಾಕಾಸಾಹೇಬರು ಕೆಂಡವಾದರು. “ಬಿಡಸಾಕ ಕೋರ್ಟ್ ಐತ್ರಿ! ನಮ್ಮ ಮನಿ ಪಾವಟಿಗಿ ನಾ ಯಾಕ ಕೆಡವಲಿ? ಒಂದ ಮೊಳಿ ಹೊಡೀದ ಕಟ್ಟಿದ್ದದು. ಹಂಗ ಕಟ್ಟಾವ್ರು ಈಗ ಎಲ್ಲಿ ಸಿಗ್ತಾರ?”

ಅವರು ಯಡೂರಿಗೆ ಹೋಗಿ ಬಂದದ್ದು ನಿಜವೆಂದು ಬಾಡಿಗೆ ಟ್ರ್ಯಾಕ್ಸ್‌ನವನು ಮಧ್ಯಾಹ್ನದೊಳಗೆ ಹೇಳಿದ. ಅಲ್ಲಿಗೆ ಆ ದಾರಿ ಮುಚ್ಚಿತು. ಭೀಮಸಿ ಮತ್ತೆ ಅಂಗಳಕ್ಕೆ ಬಂದು ಸುಮ್ಮನೆ ಅತ್ತಿತ್ತ ನೋಡಿದ. ಗೋಡೆಯ ಮೂಲೆಯಲ್ಲಿ ಜಾಲಿಯ ಒಂದು ಮುಳ್ಳುಕಂಟಿ ಬಿದ್ದಿತ್ತು. ಎಲೆ ಇನ್ನೂ ಹಸಿರಾಗಿತ್ತು. ಊರ ನಡುವಿನ ವಾಡೆಯ ಅಂಗಳಕ್ಕೆ ಹೊಲದ ಬೇಲಿಯ ಕಂಟಿ ಎಲ್ಲಿಂದ ಬಂತು?

ಹಾಲಸಿದ್ದನನ್ನು ಮಿರಜಿನ ಆಸ್ಪತ್ರೆಗೆ ಸಾಗಿಸಲು ಗಾಡಿ ಬರುವುದಿತ್ತು. ಅಲ್ಲಿಯವರೆಗೆ ಅವನು ಊರಿನ ದವಾಖಾನೆಯ ಮಂಚದ ಮೇಲೆ ಹಲ್ಲು ಕಚ್ಚಿ ಮಲಗಿದ್ದ. ನಿವೃತ್ತಿಗೆ ಹತ್ತಿರ ಬಂದ ಮೆತ್ತನೆಯ ಮನುಷ್ಯ. ಭೀಮಸಿ ಸ್ಟೂಲ್ ಎಳೆದುಕೊಂಡು ಕೂತ.

“ಮುಳ್ಳಕಂಟಿ ಎಲ್ಲಿತ್ತೋ ಹಾಲಸಿದ್ದ?”

“ಮೊದಲನೇ ಪಾವಟಿಗಿ ಮ್ಯಾಲ ಅಡ್ಡ ಇಟ್ಟಿದ್ರಿ. ಹುಡುಗರು ಆಡಿ ಇಟ್ಟಾರಂತ ತಗದ ಒಗದೆ.”

“ಇಷ್ಟ ಲಗೂನ ಯಾಕ ಬಂದಿದ್ದಿ? ಕಚೇರಿ ತೆಗಿಯೋದು ಹತ್ತಕ್ಕ.”

“ದೊಡ್ಡ ಸಾಹೇಬ್ರು ಬರೋರಲ್ರಿ. ಪಾಟೀಲ್ರು ಏಳಕ್ಕ ಬಂದು ಕಸಾ ಹೊಡಿ ಅಂದಿದ್ರು.”

“ಕಚೇರಿ ಮ್ಯಾಲ ಯಾರಿಗೆ ಸಿಟ್ಟಿತ್ತು?”

ಹಾಲಸಿದ್ದ ಗೋಡೆಯ ಕಡೆ ಮುಖ ತಿರುಗಿಸಿದ. “ಬಂದವರಿಗೆಲ್ಲ ಇತ್ರಿ,” ಎಂದ.

ಭೀಮಸಿ ಹೊಲಮನೆಯಲ್ಲಿ ಬೆಳೆದವನು. ಹಾದಿಗೆ ಅಡ್ಡ ಮುಳ್ಳು ಹಚ್ಚಿದರೆ ಇಲ್ಲಿ ಕಾಲಿಡಬೇಡಿ ಎಂದರ್ಥ, ಅದನ್ನು ಈ ಸೀಮೆಯಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಬೇಕಿಲ್ಲ. ಕೊಲ್ಲಬೇಕೆಂದವನು ಮುಳ್ಳು ಹಚ್ಚುವುದಿಲ್ಲ. ಬೆಣೆ ಕಿತ್ತವನಿಗೆ ಯಾರೂ ಹತ್ತಬಾರದು ಎಂಬುದೂ ಬೇಕಿತ್ತು, ಯಾರೂ ಬೀಳಬಾರದು ಎಂಬುದೂ ಬೇಕಿತ್ತು.

ಅಮಾವಾಸ್ಯೆಯ ಮಾತು ಬದಿಗಿಟ್ಟು ಅವನು ವಾಡೆಗೆ ಮರಳಿ ಕಾಕಾಸಾಹೇಬರನ್ನು ಕೇಳಿದ, “ಪಾವಟಿಗಿ ಕಟ್ಟಿದವ್ರು ಯಾರ್ರಿ?”

“ಉಗಾರ ಬುದ್ರುಕದ ಸುತಾರರು. ಅಪ್ಪ ತೀರಿಕೊಂಡ, ಜೋಡಿ ಕೆಲಸ ಮಾಡಿದ ಮಗ ಜ್ಞಾನದೇವ ಅದಾನ.” ಕಾಕಾಸಾಹೇಬರು ಸ್ವಲ್ಪ ತಡೆದು ದನಿ ತಗ್ಗಿಸಿದರು. “ಅವನ ತಂಗಿ ಶೇವಂತಾ ಇಲ್ಲಿ ಬರತಿದ್ಲ್ರಿ. ಪೋಲಿಯೋ, ಎರಡೂ ಕಾಲಾಗ ಬಲ ಇಲ್ಲ. ಮಾಸ್ತರಕಿ ಕಲತಾಳ. ಅಂಗವಿಕಲರಿಗಂತ ಇಟ್ಟ ಜಾಗಾಕ್ಕ ಈ ಕಚೇರಿ ಸಹಿ ಬೇಕಿತ್ತು. ಅರ್ಜಿ ಹಾಕಿದವ್ರು ಖುದ್ದ ಮ್ಯಾಲ ಬಂದು ಹಾಜರಾಗಬೇಕು ಅಂದ್ರು ಪಾಟೀಲ್ರು. ಅಣ್ಣ ಹೊತಗೊಂಡು ಹೋಗತೇನಂದ್ರ ಆಕಿ ಒಲ್ಲೆ ಅಂತಿದ್ಲು. ಕೈ ಊರಿ ತೆವಳಕೋತ ಏರತಿದ್ಲು. ಹೋದ ತಿಂಗಳ ಮೂರನೇ ಸಲ ಬಂದಾಗ ಅರ್ಧ ಪಾವಟಿಗಿ ಏರಿದ ಮ್ಯಾಲ ಸೀರಿ ಸಿಕ್ಕೊಂಡು ಸರೀತು. ಕೆಳಗ ಮಂದಿ ನಿಂತ ನೋಡಾಕತ್ತಿತ್ತು. ಹಾಲಸಿದ್ದ ಓಡಿ ಬಂದು ತನ್ನ ಟಾವೆಲ್ ಹೊಚ್ಚಿದ. ಮ್ಯಾಲ ಮುಟ್ಟೋದ್ರಾಗ ಪಾಟೀಲ್ರು ಊಟಕ್ಕ ಎದ್ದಿದ್ರು. ನಾಳೆ ಬಾ ಅಂದ್ರು. ಆಮ್ಯಾಲ ಆಕಿ ಬರಲಿಲ್ಲ.”

ಮಲಂಗಸಾಬ ಪೆನ್ನು ಹಿಡಿದವನು ಬರೆಯುವುದನ್ನು ನಿಲ್ಲಿಸಿದ್ದ. ಅಪರಾಧಿಯನ್ನು ಹುಡುಕುವಾಗ ಅಪರಾಧಿ ಸಿಗದಿರಲಿ ಎಂದು ಭೀಮಸಿಗೆ ಅನಿಸಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನದ ಮೇಲೆ ಇಬ್ಬರೂ ಉಗಾರ ಬುದ್ರುಕಕ್ಕೆ ಹೋದರು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳ ಸಾಲು. ಸುತಾರರ ಮನೆಯ ಕಟ್ಟೆಯ ಮೇಲೆ ಶೇವಂತಾ ಜೋಳ ಹಸನು ಮಾಡುತ್ತ ಕೂತಿದ್ದಳು. ಪೊಲೀಸರನ್ನು ಕಂಡು ಸೆರಗಿನಿಂದ ಕಾಲು ಮುಚ್ಚಿಕೊಂಡಳು.

“ಅಣ್ಣ ಎಲ್ಲಿ?”

“ಒಳಗ ಅದಾನ್ರಿ. ನಿನ್ನೆಯಿಂದ ಊಟಾ ಮಾಡಿಲ್ಲ. ಏನಂತ ಹೇಳವಲ್ಲ.”

ಕೆಲಸದ ಕೋಣೆಯಲ್ಲಿ ಜ್ಞಾನದೇವ ಮರದ ದಿಮ್ಮಿಯ ಮೇಲೆ ಸುಮ್ಮನೆ ಕೂತಿದ್ದ. ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಅಮಾವಾಸ್ಯೆಯ ಪೂಜೆ ಹಾಗೆಯೇ ಇತ್ತು. ಬಾಚಿ, ಗರಗಸ, ಹತ್ರಿ, ಉಳಿಗಳು, ಎಲ್ಲಕ್ಕೂ ಅರಿಶಿನ ಕುಂಕುಮ, ಬಾಡಿದ ಚೆಂಡುಹೂವು. ಭೀಮಸಿ ಒಂದೊಂದನ್ನೇ ನೋಡುತ್ತ ಬಂದ. ಅಗಲದ ಒಂದು ಉಳಿ ಮತ್ತು ಅದರ ಪಕ್ಕದ ಮರದ ಕೊಡತಿಯ ಮೇಲೆ ಕುಂಕುಮ ಒರೆಸಿ ಹೋಗಿತ್ತು. ಹಿಡಿಯ ಸಂದಿನಲ್ಲಿ ಮಾತ್ರ ಚೂರು ಅರಿಶಿನ ಉಳಿದಿತ್ತು.

“ಇವೆರಡಕ್ಕ ಪೂಜಿ ಮಾಡಿಲ್ಲೇನ?”

“ಮಾಡೇನ್ರಿ.”

“ಮತ್ತ ಕುಂಕುಮ?”

ಜ್ಞಾನದೇವ ತನ್ನ ಅಂಗೈ ನೋಡಿಕೊಂಡ. “ಪೂಜಿ ಆದ ಮ್ಯಾಲ ತಗೊಂಡ ಹೋದ್ನಿರಿ. ನಮ್ಮಪ್ಪ ಇದ್ದಿದ್ರ ಕೈ ಕಡೀತಿದ್ದ.”

“ಯಾಕ ಮಾಡ್ದಿ?”

“ಆ ಪಾವಟಿಗಿ ನಾನ ಕಟ್ಟಿದ್ದು. ಅದರ ಮ್ಯಾಲ ನನ್ನ ತಂಗಿ ತೆವಳೋದು ನೋಡೇನಿ. ಆವತ್ತ ಮನಿಗೆ ಬಂದು ತನ್ನ ಪುಸ್ತಕಾ ಎಲ್ಲಾ ಟ್ರಂಕಿನಾಗ ಹಾಕಿ ಕೀಲಿ ಹಾಕಿದ್ಲು. ನೌಕ್ರಿ ಬ್ಯಾಡಣ್ಣಾ ಅಂದ್ಲು.” ಅವನು ಹೊರಗಿನ ಕಟ್ಟೆಯ ಕಡೆ ನೋಡಿದ. “ಪಾವಟಿಗಿ ಇಲ್ಲಂದ್ರ ಸಾಹೇಬ್ರು ಕೆಳಗ ಬಂದು ಕುಂಡ್ರಲೇಬೇಕಲ್ರಿ. ಪೂರಾ ಇಳಿಸಿ ಇಡಬೇಕಂತಿದ್ದೆ. ಬೆಣಿ ತಗದ ಮ್ಯಾಲ ಒಬ್ಬನ ಕೈಲೆ ಆಗಲಿಲ್ಲ. ಅದಕ್ಕ ಮುಳ್ಳ ಹಚ್ಚಿ ಬಂದೆ. ಮುಂಜಾನೆ ಒಂಬತ್ತಕ್ಕ ಹೋಗಿ ನಾನ ಹೇಳಾಂವಿದ್ದೆ. ಹೋಗೋದ್ರಾಗ ಮಂದಿ ಕೂಡಿತ್ತು.”

“ಮುಳ್ಳ ಇಟ್ರ ಸಾಕು ಅಂತ ಹೆಂಗ ತಿಳದಿ?”

“ಮುಳ್ಳ ಹಚ್ಚಿದ ಹಾದ್ಯಾಗ ನಮ್ಮ ಕಡೆ ಯಾರ ಕಾಲಿಡ್ತಾರ್ರಿ?”

“ಹೊಲದಾಗ ಇಡಾಂಗಿಲ್ಲ,” ಎಂದ ಭೀಮಸಿ. “ಕಚೇರ್ಯಾಗ ಸಿಪಾಯಿ ಕೆಲಸಾನ ಕಸಾ ತಗಿಯೋದು.”

ಜ್ಞಾನದೇವ ಮುಖ ಮುಚ್ಚಿಕೊಂಡು ಬಿಕ್ಕಿದ. ಉಳಿ, ಕೊಡತಿ ಮತ್ತು ಮನೆಯಲ್ಲಿದ್ದ ಬೆಣೆಗಳನ್ನು ಪಂಚರ ಸಮಕ್ಷಮ ಜಪ್ತಿ ಮಾಡಿ ಅವನನ್ನು ದಸ್ತಗಿರಿ ಮಾಡಲಾಯಿತು. ಕಟ್ಟೆಯ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದ ಶೇವಂತಾ ಅಳಲಿಲ್ಲ. “ಹಾಲಸಿದ್ದ ಕಾಕಾ ನಡೀತಾನಿಲ್ರಿ?” ಎಂದಷ್ಟೇ ಕೇಳಿದಳು.

ಆ ಸಂಜೆ ಅವನು ಭೀಮಗೊಂಡ ಪಾಟೀಲರಿಂದ ಹೊಸ ಕಾಯ್ದೆಯ ಪುಸ್ತಕ ತರಿಸಿಕೊಂಡು ಓದಿದ. ಅಂಗವಿಕಲರಿಗೆ ಸಮಾನ ಹಕ್ಕು ಕೊಡುವ ಆ ಕಾಯ್ದೆ ಜಾರಿಯಾಗಿ ಎರಡು ವರ್ಷವೂ ಆಗಿರಲಿಲ್ಲ. ಸುಳ್ಳು ಹೇಳಿ ಸವಲತ್ತು ಪಡೆದವನಿಗೆ ಎರಡು ವರ್ಷದವರೆಗೆ ಸಜೆ ಎಂದು ಅದರಲ್ಲಿತ್ತು. ಸರಕಾರಿ ಕಟ್ಟಡಕ್ಕೆ ಇಳಿಜಾರು ಹಾದಿ ಮಾಡಬೇಕೆಂದೂ ಇತ್ತು, ಆದರೆ ಹಣದ ಇತಿಮಿತಿಯೊಳಗೆ. ಮಾಡದವನಿಗೆ ಏನು ಎಂಬುದನ್ನು ಅವನು ಹುಡುಕಿದ, ಮತ್ತೊಮ್ಮೆ ಹುಡುಕಿದ, ಸಿಗಲಿಲ್ಲ.

“ಆಯುಕ್ತರಂತ ಇರ್ತಾರಂತಲ್ರಿ ಇದಕ್ಕ,” ಎಂದ ಮಲಂಗಸಾಬ. “ಅವರ ಹಂತೇಕ ಹೋಗಬಹುದಿತ್ತು ಅಂವ.”

“ಎಲ್ಲಿರ್ತಾರ ಅನ್ನೋದು ನಿನಗ ಗೊತ್ತೇನ?”

“ಇಲ್ರಿ.”

“ನನಗೂ ಗೊತ್ತಿಲ್ಲ. ಬಡಿಗೇರವಗ ಹೆಂಗ ಗೊತ್ತಾಗಬೇಕು?”

ಡಿಸೆಂಬರ್ ಮೂರರಂದು ಜಿಲ್ಲಾ ಅಧಿಕಾರಿ ಬಂದರು. ಹತ್ತಲು ಪಾವಟಿಗೆ ಇರಲಿಲ್ಲ. ವಾಡೆಯ ಅಂಗಳದಲ್ಲಿ ಮೇಜು ಹಾಕಿಸಿ, ಬಂದವರನ್ನೆಲ್ಲ ಅಲ್ಲೇ ಕರೆದು, ಭಾಷಣ ಶುರುವಾಗುವುದರೊಳಗೆ ಎಲ್ಲರ ಸಹಿ ಮುಗಿಸಿದರು. ಭೀಮಸಿ ಹೇಳಿಕಳಿಸಿದ್ದರಿಂದ ಶೇವಂತಾಳೂ ಎತ್ತಿನ ಗಾಡಿಯಲ್ಲಿ ಬಂದಿದ್ದಳು. ಮೂರು ಸಲ ತೆವಳಿದರೂ ಆಗದ ಕೆಲಸ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಆಯಿತು.

ಮಧ್ಯಾಹ್ನ ಅಥಣಿ ನ್ಯಾಯಾಲಯಕ್ಕೆ ಒಯ್ಯುವಾಗ ಜೀಪಿನಲ್ಲಿ ಜ್ಞಾನದೇವ ಮೆಲ್ಲಗೆ ಕೇಳಿದ.

“ಶೇವಂತಾಂದು ಸಹಿ ಆತೇನ್ರಿ?”

“ಆತು. ಅಂಗಳದಾಗ.”

“ಹಾಲಸಿದ್ದ?”

“ಕೋಲಿಲ್ಲದ ನಡ್ಯಾಂಗಿಲ್ಲ ಅಂದಾರ.”

ಮುಂದೆ ದೋಷಾರೋಪ ಪಟ್ಟಿಯಲ್ಲಿ ಅಪರಾಧದ ಉದ್ದೇಶ ಬರೆಯುವಾಗ ಭೀಮಸಿ, “ಕಚೇರಿಯನ್ನು ಕೆಳಗೆ ತರುವುದು” ಎಂದಷ್ಟೇ ಬರೆದ. ಆರೋಪಿಯ ಜಾಗದಲ್ಲಿ ಒಂದೇ ಹೆಸರು ಬರೆಯಬೇಕಾಗಿ ಬಂದದ್ದಕ್ಕೆ ಅವನು ಬಹಳ ದಿನ ನೊಂದುಕೊಂಡ.

ಸಂಕ್ರಾಂತಿಯ ಹೊತ್ತಿಗೆ ವಾಡೆಗೆ ಕಬ್ಬಿಣದ ಹೊಸ ಪಾವಟಿಗೆ ಬಂತು, ಕಚೇರಿ ಮತ್ತೆ ಮಹಡಿ ಏರಿತು. ಮಾರ್ಚ್‌ನಲ್ಲಿ ಹಾಲಸಿದ್ದ ತನ್ನ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ. ಖುದ್ದಾಗಿ ಹಾಜರಾಗತಕ್ಕದ್ದು ಎಂದು ಕರೆ ಬಂತು. ಭೀಮಸಿ ಅವನ ಮನೆಗೆ ಠಾಣೆಯ ಜೀಪ್ ಕಳಿಸಿದ. ಜೀಪ್ ವಾಡೆಯ ಅಂಗಳದವರೆಗೆ ಹೋಗಿ ನಿಂತಿತು.