ಗುಂಡಿ ಹೊಲಿಯುವ ದೃಶ್ಯ

ಮೊದಲನೆಯ ಶೋನಲ್ಲಿ ಜನ ನಕ್ಕುಬಿಟ್ಟರು. ಅದೂ ಎಲ್ಲಿ? ಉಸಿರು ಬಿಗಿಹಿಡಿದು ಕೂರಬೇಕಾದ ಕೊನೆಯ ದೃಶ್ಯದಲ್ಲಿ!

ಗಂಡ ಮನೆ ಬಿಟ್ಟು ಹೊರಟಿದ್ದಾನೆ. ಅಂಗಿಯ ಗುಂಡಿಯೊಂದು ನೇತಾಡುತ್ತಿದೆ. ಹೆಂಡತಿ ಒಂದು ಮಾತೂ ಆಡದೆ ಸೂಜಿದಾರ ತಂದು, ಅವನು ತೊಟ್ಟಿರುವ ಅಂಗಿಗೇ ಗುಂಡಿ ಹೊಲಿಯುತ್ತಾಳೆ. ಕೊನೆಗೆ ಅವನ ಎದೆಯ ಹತ್ತಿರ ಮುಖ ತಂದು ಹಲ್ಲಿನಿಂದ ದಾರ ಕಡಿಯುತ್ತಾಳೆ. ಅವನು ಚೀಲ ಕೆಳಗಿಡುತ್ತಾನೆ, ಹೋಗುವುದಿಲ್ಲ. ಅಲ್ಲಿಗೆ ನಾಟಕ ಮುಗಿಯುತ್ತದೆ. ಪಾತ್ರಧಾರಿಗಳು ಇಬ್ಬರೇ, ಗಂಡನಾಗಿ ಅವನು, ಹೆಂಡತಿಯಾಗಿ ನಾನು. ಅವತ್ತು ನನ್ನ ಕೈ ನಡುಗಿ ಸೂಜಿ ಚುಚ್ಚಿತು. ಅಷ್ಟು ಗಂಭೀರವಾಗಿ ನಿಂತಿದ್ದ ನಮ್ಮ ಹೀರೋ "ಅಯ್ಯಮ್ಮಾ!" ಎಂದು ಕಿರುಚಿದ. ಪುಟ್ಟ ಹಾಲ್ ಗೊಳ್ಳೆಂದಿತು.

"ಗುಂಡಿ ಹೊಲೀತಿದ್ಯೋ, ಇಂಜೆಕ್ಷನ್ ಕೊಡ್ತಿದ್ಯೋ?" ಗ್ರೀನ್‌ರೂಮಿನಲ್ಲಿ ಎದೆ ಉಜ್ಜಿಕೊಳ್ಳುತ್ತ ಕೇಳಿದ.

"ಕೈ ನಡುಗ್ತು."

"ಯಾಕೇ?"

"ನೀನು ಹಾಗೆ ನೋಡಿದ್ರೆ ಇನ್ನೇನಾಗುತ್ತೆ?"

"ನೋಡೋದು ಸ್ಕ್ರಿಪ್ಟಲ್ಲೇ ಇದೆ ಕಣೇ, ಜಗಳಗಂಟಿ."

ಜಗಳಗಂಟಿ ಎಂದರೆ ನಾನೇ. ಬೇರೆ ಯಾರಾದರೂ ಹಾಗೆಂದಿದ್ದರೆ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದೆ. ಅವನು ಅಂದರೆ ಮಾತ್ರ ಕನ್ನಡಿಯ ಕಡೆ ತಿರುಗಿ, ಇಲ್ಲದ ಕುಂಕುಮ ಸರಿಮಾಡಿಕೊಳ್ಳುವವಳಂತೆ ನಗು ನುಂಗುತ್ತಿದ್ದೆ.

ಬಹಳ ವರ್ಷಗಳ ಹಿಂದೆ ಈ ನಾಟಕವನ್ನು ನಮ್ಮ ನಾಟಕದ ಮೇಷ್ಟ್ರು ಮತ್ತು ಅವರ ಹೆಂಡತಿ ಆಡುತ್ತಿದ್ದರಂತೆ. ಆಕೆ ತೀರಿಕೊಂಡ ಮೇಲೆ ಮೂಲೆ ಸೇರಿದ್ದನ್ನು ಈಗ ಧೂಳು ಕೊಡವಿ ನಮ್ಮಿಬ್ಬರ ಕೈಗೆ ಕೊಟ್ಟರು. ಅವರದೊಂದು ಕಟ್ಟುನಿಟ್ಟು. ಶೋ ಮುಗಿದ ಮೇಲೆ ನಾವಿಬ್ಬರೂ ಸ್ಟೇಜಿನ ಅಂಚಿನಲ್ಲಿ ಕೂರಬೇಕು. ಜನ ತಮಗನ್ನಿಸಿದ್ದನ್ನು ಹೇಳುತ್ತಾರೆ. ನಾವು ತುಟಿಪಿಟಕ್ ಅನ್ನಕೂಡದು. "ಆಡೋದೆಲ್ಲ ಆಡಿ ಆಯ್ತಲ್ಲ, ಈಗ ತೆಪ್ಪಗೆ ಕೇಳಿಸ್ಕೊಳ್ಳಿ" ಎನ್ನುತ್ತಿದ್ದರು.

ಕೇಳಿಸಿಕೊಂಡೆವು. ಒಬ್ಬ ತಾತ ಪ್ರತಿ ಶೋಗೂ ಬಂದು, "ಹಿಂದೆ ಇದಕ್ಕಿಂತ ಚೆನ್ನಾಗಿತ್ತು" ಎಂದು ಹೇಳಿಯೇ ಹೋಗುತ್ತಿದ್ದರು. ಕಾಲೇಜು ಹುಡುಗಿಯೊಬ್ಬಳು ಎದ್ದು, "ಇವಳೇ ಯಾಕೆ ಹೊಲೀಬೇಕು? ಅವನಿಗೇನು ಕೈ ಬಿದ್ದುಹೋಗಿದ್ಯಾ?" ಎಂದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟುವವಳೇ, ಮೇಷ್ಟ್ರು ಕಣ್ಣುಬಿಟ್ಟರು.

ಸೂಜಿ ಚುಚ್ಚುವುದು ನಿಂತ ಮೇಲೆ ನಗುವೂ ನಿಂತಿತು. ಡೈಲಾಗ್ ಕೇಳಲೆಂದು ಫ್ಯಾನ್ ಆರಿಸುತ್ತಿದ್ದ ಆ ಹಾಲಿನಲ್ಲಿ, ನಾನು ದಾರ ಕಡಿಯುವಾಗ ಸದ್ದೆಂದರೆ ಯಾರೋ ಮೂಗೆಳೆದುಕೊಳ್ಳುವುದಷ್ಟೇ. ಒಂದು ದಿನ ನಡುವಯಸ್ಸಿನ ಗಂಡಸೊಬ್ಬ ಪಕ್ಕದಲ್ಲಿದ್ದ ಹೆಂಡತಿಯ ಕೈ ಹಿಡಿದುಕೊಂಡೇ ಎದ್ದುನಿಂತ. "ನಾಳೆ ಲಾಯರ್ ಹತ್ರ ಹೋಗೋದಿತ್ತು. ಹೋಗಲ್ಲ" ಎಂದು ಹೇಳಿ ಕೂತುಬಿಟ್ಟ. ನಮ್ಮ ಹೀರೋ ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿದ. ನಾನು ಹುಬ್ಬು ಹಾರಿಸಿದೆ. ಅವನು ನೆಲ ನೋಡುತ್ತ ನಕ್ಕ. ಆ ನಗು ನನಗೊಬ್ಬಳಿಗೇ ಎಂದು ಎಷ್ಟು ಸಂತೋಷಪಟ್ಟೆನೋ!

ಅವನಿಗೆ ಮದುವೆಯಾಗಿತ್ತು. ಹೆಂಡತಿ ಜಗಳವಾಡಿ ತೌರಿಗೆ ಹೋಗಿ ತಿಂಗಳುಗಳಾಗಿದ್ದವು. ರಿಹರ್ಸಲ್‌ನಲ್ಲಿ ಒಮ್ಮೆ, "ಅವಳು ಇನ್ನು ಬರಲ್ಲ ಬಿಡು" ಎಂದಿದ್ದ. ಅಯ್ಯೋ ಪಾಪ ಎಂದೆ ಬಾಯಲ್ಲಿ. ಒಳಗೆ ಬೇರೆಯೇ ಆಗುತ್ತಿತ್ತು. ನನಗಿದ್ದದ್ದು ಒಂದೇ ಆಸೆ. ನಾಟಕ ಮುಗಿದ ಮೇಲೂ ಅವನು ನನ್ನನ್ನು ಬಿಟ್ಟು ಹೋಗದಿರಲಿ.

ನಾಟಕ ನೋಡಲು ಬಂದ ನಮ್ಮಕ್ಕ ಸಭೆಯಲ್ಲಿ ಏನೂ ಹೇಳಲಿಲ್ಲ. ಮನೆಗೆ ಬಂದು ಬಟ್ಟೆ ಮಡಚುತ್ತ, "ಅವನು ಚೆನ್ನಾಗಿ ಆಕ್ಟ್ ಮಾಡ್ದ" ಎಂದಳು.

"ನಾನು?"

"ನೀನೆಲ್ಲಿ ಮಾಡಿದ್ಯೇ ಆಕ್ಟು? ಹಗಲು ಕಂಡ ಬಾವಿಗೆ ರಾತ್ರಿ ಬೀಳಬೇಡ. ಈ ನಾಟಕ ಬಿಟ್ಬಿಡು."

"ಹೋಗೇ, ನಿನ್ನದೊಂದು" ಎಂದೆ. ಆದರೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಕೊನೆಯ ಶೋ ಭಾನುವಾರ ಮಧ್ಯಾಹ್ನ. ಅವತ್ತೇ ಅವನಿಗೆ ಹೇಳಿಬಿಡಬೇಕು ಎಂದುಕೊಂಡೇ ಸ್ಟೇಜ್ ಹತ್ತಿದೆ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಕೂತಿದ್ದಳು. ಅವನ ಫೋನಿನಲ್ಲಿ ಫೋಟೋ ನೋಡಿದ್ದೆ, ಗುರುತು ಸಿಕ್ಕಿತು. ಮಡಿಲಲ್ಲಿ ಬ್ಯಾಗು, ಮುಖದಲ್ಲಿ ನಿದ್ದೆಗೆಟ್ಟ ಕಳೆ.

ನನಗೆ ಹಟ ಬಂತು. ನೋಡಲಿ, ಚೆನ್ನಾಗಿ ನೋಡಲಿ. ಅವತ್ತು ಗುಂಡಿಯನ್ನು ನಿಧಾನವಾಗಿ ಹೊಲಿದೆ. ಒಂದೊಂದು ಹೊಲಿಗೆಗೂ ತಲೆಯೆತ್ತಿ ಅವನನ್ನು ನೋಡಿದೆ. ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಕಣ್ಣಲ್ಲಿ ಹೇಳಿದೆ. ದಾರ ಕಡಿಯಲು ಬಾಗಿದಾಗ ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನನಗಾಗಿಯೇ ಎಂದು ನಂಬಿದೆ. ಅವನ ಕಣ್ಣು ನನ್ನ ತಲೆಯ ಮೇಲಿಂದ ಮುಂದಿನ ಸಾಲಿಗೆ ಹೋಗಿತ್ತೆಂದು ಆಮೇಲೆ ಗೊತ್ತಾಯಿತು.

ಸಭೆಯಲ್ಲಿ ಮೊದಲು ಎದ್ದವಳೇ ಅವಳು.

"ನಾನು ಇವರ ಹೆಂಡತಿ. ಮನೆ ಬಿಟ್ಟು ಹೋಗಿದ್ದೆ. ಹೊರಡೋವಾಗ ಇವರೂ ತಡೀಲಿಲ್ಲ, ನಾನೂ ತಿರುಗಿ ನೋಡ್ಲಿಲ್ಲ. ಈಗ ಈ ಮೇಡಂ ಇವರನ್ನ ನೋಡಿದ್ರಲ್ಲ, ಹಾಗೆ ನಾನು ಯಾವತ್ತಾದ್ರೂ ನೋಡಿದೀನಾ ಅಂತ ಕೂತಲ್ಲೇ ಯೋಚ್ನೆ ಮಾಡ್ದೆ. ಇಲ್ಲ, ನೋಡಿಲ್ಲ." ನನ್ನ ಕಡೆ ತಿರುಗಿ ಕೈ ಮುಗಿದಳು. "ನಿಮ್ಮಿಂದ ಕಲಿತೆ. ಥ್ಯಾಂಕ್ಸ್ ಅಕ್ಕಾ."

ಅಕ್ಕಾ ಅಂತೆ! ನನಗಿಂತ ಒಂದೆರಡು ವರ್ಷ ದೊಡ್ಡವಳೇ ಇರಬೇಕು. ಹಾಗೆಂದು ಹೇಳುವಂತಿಲ್ಲ, ಅಳುವಂತಿಲ್ಲ, ಎದ್ದು ಹೋಗುವಂತಿಲ್ಲ. ಕೂತು ಕೇಳಿಸಿಕೊಂಡೆ. ಅವನು ಸ್ಟೇಜಿನಿಂದ ಇಳಿದು ಅವಳ ಭುಜದ ಮೇಲೆ ಕೈಯಿಟ್ಟ. ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ತಾತ ಕೂಡ ಕಣ್ಣೊರೆಸಿಕೊಂಡು, "ಇವತ್ತು ಹಿಂದಿಗಿಂತ ಚೆನ್ನಾಗಿತ್ತು" ಎಂದರು.

ಗ್ರೀನ್‌ರೂಮಿಗೆ ಅವನು ಅಂಗಿ ಬದಲಾಯಿಸಲು ಬಂದ.

"ಹೊರಗೆ ಕಾಯ್ತಿದಾಳೆ" ಎಂದ.

"ಹೋಗು ಮತ್ತೆ. ಯಾರು ಹಿಡ್ಕೊಂಡಿದಾರೆ?"

ಹೋಗಲಿಲ್ಲ, ನಿಂತ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ನನಗೆ ನೀನಂದ್ರೆ ಪ್ರಾಣ ಕಣೋ. ಇದು ನಾಟಕದ ಮಾತಲ್ಲ."

"ಗೊತ್ತು."

"ಏನು ಗೊತ್ತು? ಯಾವಾಗಿಂದ?"

"ಮೊದಲನೇ ಶೋನಿಂದ."

"ಮತ್ತೆ ಇಷ್ಟು ದಿನ ಯಾಕೋ ಬಾಯಿ ಬಿಡ್ಲಿಲ್ಲ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೇಳಿದ್ರೆ ನೀನು ಹಾಗೆ ನೋಡೋದು ನಿಂತುಹೋಗ್ತಿತ್ತು. ಜನ ಅಳ್ತಿದ್ರು, ನಾಟಕ ಅಷ್ಟು ಚೆನ್ನಾಗಿ ಹೋಗ್ತಿತ್ತು. ಸಾರಿ ಕಣೇ."

ಹೊಡೆಯಬೇಕಿತ್ತು. ಇಡೀ ಊರಿಗೆ ಜಗಳಗಂಟಿಯಾದ ನನಗೆ ಅವತ್ತು ಕೈಯೂ ಏಳಲಿಲ್ಲ, ಬಾಯೂ ಬರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಾಗಿಲು ನೂಕಿಕೊಂಡು ಬಂದರು. ಅವರ ಮುಖ ಊರಗಲ ಆಗಿತ್ತು. "ಹಾಲ್‌ನವರು ಇನ್ನೊಂದು ತಿಂಗಳು ಮಾಡಿ ಅಂತಿದಾರೆ. ಪ್ರತಿ ಭಾನುವಾರ. ಏನಂತೀರಿ?"

"ಮಾಡೋಣ ಮೇಷ್ಟ್ರೇ" ಎಂದ ಅವನು, ತಟ್ಟನೆ. ಇಬ್ಬರೂ ನನ್ನ ಕಡೆ ನೋಡಿದರು.

ಬೇಡ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಎದುರಿಗಿದ್ದಿದ್ದರೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಆದರೆ ವಾರಕ್ಕೊಮ್ಮೆಯಾದರೂ ಅವನು ಚೀಲ ಕೆಳಗಿಟ್ಟು ನನ್ನ ಮನೆಯಲ್ಲೇ ಉಳಿಯುತ್ತಾನೆ. ಅಷ್ಟು ಬಿಟ್ಟರೆ ನನಗೆ ಸಿಗುವುದು ಬೇರೇನೂ ಇರಲಿಲ್ಲ. ಅದನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

"ಆಡ್ತೀನಿ ಮೇಷ್ಟ್ರೇ" ಎಂದೆ.

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಬಾಗಿಲಲ್ಲಿ ನಿಂತು, ಬಹಳ ಪ್ರೀತಿಯಿಂದಲೇ ಹೇಳಿದ:

"ಭಾನುವಾರ ಇವತ್ತಿನ ಹಾಗೇ ನೋಡು, ಆಯ್ತಾ?"

ಹೂಂ ಎಂದೆ.