ಕೈ ತಪ್ಪದ ಕ್ಷೌರಿಕ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಸೋಪು ಮಾರುವ ಮುದುಕಿ. ಜನರನ್ನು ಮನೆಗಳಿಂದ ಎಳೆದೊಯ್ಯುತ್ತಿದ್ದ ಆ ಸರಕಾರ ಉರುಳಿದ ಮರುವರ್ಷದ ಬೇಸಿಗೆಯಲ್ಲಿ, ಬೀದಿ ನಲ್ಲಿಯ ಬಳಿ. ಆಕೆ ಹೇಳಿದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮಟಮಟ ಮಧ್ಯಾಹ್ನ, ಪೊಲೀಸ್ ದಫೇದಾರನಾಗಿದ್ದ ಅಳಿಯ ಬೂಟುಗಾಲಿನಲ್ಲೇ ಮಾವನ ಕ್ಷೌರದಂಗಡಿಗೆ ನುಗ್ಗಿದ. ಮುಖಕ್ಕೆ ನೊರೆ ಬಳಿಸಿಕೊಂಡು ಕುಳಿತಿದ್ದ ಗಿರಾಕಿಯನ್ನು ಹಾಗೆಯೇ ಹೊರದೂಡಿ ಬಾಗಿಲು ಹಾಕಿದ. ತಂದೆಗೆ ಊಟ ತಂದಿದ್ದ ಅವನ ಹೆಂಡತಿ ಮೂಲೆಯಲ್ಲಿ ನಿಂತಿದ್ದಳು.

“ಮಾವ, ಬೆಳಗ್ಗೆ ಚೌಕಿಯಲ್ಲಿ ಒಬ್ಬ ಸಿಕ್ಕಿಬಿದ್ದ. ಇದ್ದಿಲು ಹೊರೋ ಕೂಲಿ ಅಂತೆ! ಮೈಯೆಲ್ಲ ಮಸಿ, ಮಾತೂ ಒರಟು. ಆದ್ರೆ ಕತ್ತಿನ ಹಿಂದೆ ಕೂದಲು ಮದುಮಗನ ಹಾಗೆ ಇಳಿಸಿದೆ! ಅಷ್ಟು ನಯವಾಗಿ ಇಳಿಸೋ ಕೈ ಈ ಊರಲ್ಲಿ ಒಂದೇ. ನನಗೂ ಅದೇ ಕೈ ತಾನೇ ಕ್ಷೌರ ಮಾಡೋದು?”

ಮುದುಕನ ಕೈಯಲ್ಲಿದ್ದ ಬ್ರಷ್ಷಿನಿಂದ ನೊರೆ ತೊಟ್ಟಿಕ್ಕಿತು. ಸರಕಾರದ ವಿರುದ್ಧ ಗುಟ್ಟಾಗಿ ದುಡಿಯುತ್ತಿದ್ದ ಬಳಗದ ಆ ಮನುಷ್ಯನನ್ನು, ವೇಷ ಮರೆಸಿ ಊರು ದಾಟಿಸಲೆಂದು ಹಿಂಬಾಗಿಲಿನಿಂದ ಕರೆತಂದವಳು ಮಗಳೇ. “ಒರಟಾಗಿ ಕತ್ತರಿಸಪ್ಪ, ಕೂಲಿಯವನ ತಲೆ ಥರ ಕಾಣ್ಲಿ” ಎಂದು ಬೇಡಿಕೊಂಡಿದ್ದಳು. ಮುದುಕನೂ ಮೇಲೆಲ್ಲ ಒರಟಾಗಿಯೇ ಕತ್ತರಿಸಿದ. ಆದರೆ ಕತ್ತಿನ ಬಳಿ ಬರುತ್ತಲೇ, ಜನ್ಮದಲ್ಲಿ ಕೆಟ್ಟ ಕೆಲಸ ಮಾಡಿ ಗೊತ್ತಿಲ್ಲದ ಕೈ ತನ್ನ ಪಾಡಿಗೆ ತಾನು ನಯಗೊಳಿಸಿಬಿಟ್ಟಿತ್ತು... ಅಯ್ಯೋ, ಹಾಳು ಅಭಿಮಾನವೇ!

“ಅವನನ್ನ ಕರ್ಕೊಂಡು ಬಂದವಳು ನಾನು!” ಮಗಳು ಮುಂದೆ ಬಂದಳು. “ನನ್ನ ತಮ್ಮನನ್ನ ನಿಮ್ಮವರು ಮನೆಯಿಂದ ಎಳ್ಕೊಂಡು ಹೋದಾಗ ನೀವು ಗೋಡೆ ನೋಡ್ತಾ ನಿಂತಿದ್ರಲ್ಲ, ಅವತ್ತೇ ನಾನು ಆ ಬಳಗ ಸೇರಿದೆ. ಹಾಕಿ ನನ್ನ ಕೈಗೆ ಬೇಡಿ!”

“ಅವಳಿಗೆ ತಲೆ ಕೆಟ್ಟಿದೆ, ಅಳಿಯಂದ್ರೇ... ಎಲ್ಲಾ ನಾನೇ ಮಾಡಿದ್ದು.”

“ಅಪ್ಪಾ, ಸುಳ್ಳು ಹೇಳ್ಬೇಡ!”

“ನೀನು ಸುಮ್ನಿರೇ! ಮಗನನ್ನ ಕಳ್ಕೊಂಡಾಯ್ತು... ನಿನ್ನನ್ನೂ ಕೊಡ್ಲಾ?”

ದಫೇದಾರನಿಗೆ ಸತ್ಯ ತಿಳಿದಿತ್ತು. ಹೆಂಡತಿಯನ್ನು ಒಪ್ಪಿಸಿದರೆ ತನ್ನ ತೋಳಿನ ಪಟ್ಟಿಯೂ ಕಳಚುತ್ತದೆಂಬುದೂ ತಿಳಿದಿತ್ತು. ಪ್ರೀತಿಗಲ್ಲ, ಕನಿಕರಕ್ಕಲ್ಲ, ಆ ಪಟ್ಟಿಗಾಗಿ ಅವನು ಸುಳ್ಳನ್ನು ನಂಬಿದ! ಹೆಣ್ಣು ಕೊಟ್ಟ ಮಾವನ ಕೊರಳಪಟ್ಟಿ ಹಿಡಿದು ಬೀದಿಗೆಳೆದ.

“ಥೂ! ನಿಮ್ಮ ಮನೆ ಹೊಸ್ತಿಲು ಇನ್ನು ತುಳಿದ್ರೆ ಕೇಳಿ!” ಎಂದು ಆಕೆ ಹಿಂದಿನಿಂದ ಕೂಗಿದಳು. ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಮುದುಕಿ ಇಲ್ಲಿಗೆ ನಿಲ್ಲಿಸಿದಳು.

“ಅವಳಪ್ಪ ವಾಪಸ್ ಬಂದ್ನಾ ಅಜ್ಜಿ?” ಎಂದು ನೀರು ಹಿಡಿಯುತ್ತಿದ್ದ ಒಬ್ಬಳು ಕೇಳಿದಳು.

“ಸರಕಾರ ಬಿದ್ದಾಗ ಜೈಲಿನ ಬಾಗಿಲು ತೆಗೆದ್ರು. ಹೊರಗೆ ಬಂದವರ ಮುಖಾನೆಲ್ಲ ಅವಳು ಹಿಡಿದು ಹಿಡಿದು ನೋಡಿದ್ಳು. ಅಪ್ಪ ಇರ್ಲಿಲ್ಲ... ತಮ್ಮನೂ ಇರ್ಲಿಲ್ಲ.”

“ಆ ದಫೇದಾರ?”

“ಅವನಿಗೇನು ಧಾಡಿ? ಹೊಸ ಸರಕಾರದಲ್ಲೂ ದಫೇದಾರನೇ!”

ಕೇಳುತ್ತಿದ್ದವರು ತುಂಬಿದ ಬಿಂದಿಗೆಗಳನ್ನೆತ್ತಿಕೊಂಡು ತಮ್ಮ ತಮ್ಮ ಮನೆಗಳ ಕಡೆ ನಡೆದರು.